ಕಬ್ಬಿನ ಟ್ರೇಲರ್‌ನಲ್ಲಿ ಬಂದ ಬಿಷಪ್ಪರು

ಫೋನ್ ಬಂದಾಗ ಪಾಸ್ಟರ್ ಬಾಳೇಶರು ಮುಧೋಳದ ತಮ್ಮ ಮನೆಯ ಹಿತ್ತಲಲ್ಲಿ ನೀರೆತ್ತುವ ಮೋಟರು ಬಿಚ್ಚಿಕೊಂಡು ಕೂತಿದ್ದರು. ಮೊಣಕೈತನಕ ಗ್ರೀಸು. ಹೆಂಡತಿ ಮಾಲಾ ಮೊಬೈಲನ್ನು ಅವರ ಕಿವಿಗೆ ಹಿಡಿದಳು. ಚೆನ್ನೈಯಿಂದ ಯಾರೋ ಮೆತ್ತಗಿನ ಇಂಗ್ಲಿಷಿನಲ್ಲಿ ಅಭಿನಂದನೆ ಹೇಳಿದರು. ಸಭಾಪ್ರಾಂತದ ಹೊಸ ಬಿಷಪ್ಪರ ಆಯ್ಕೆ ಆಯಿತು ಎಂದರು.

“ರಾಂಗ್ ನಂಬರ್ ರೀ,” ಎಂದು ಬಾಳೇಶರು ಗದ್ದದಿಂದಲೇ ಫೋನು ಕಟ್ ಮಾಡಿದರು.

“ಯಾರ್ರೀ ಅದು?”

“ಯಾರೋ ಬಿಷಪ್ ಆಗ್ಯಾನಂತ. ಆ ನಟ್ಟ ಬಿಚ್ಚೂ ಪಾನಾ ಕೊಡಿಲ್ಲೆ.”

ಎರಡನೇ ಸಲ ರಿಂಗಾದಾಗ ಮಾಲಾ ತಾನೇ ಮಾತಾಡಿದಳು. ಹೂಂ ಅಂದಳು, ಥ್ಯಾಂಕ್ಯೂ ಅಂದಳು. ಆಮೇಲೆ ಗಂಡನ ಎದುರು ಒದ್ದೆ ಕಲ್ಲಿನ ಮೇಲೇ ಕುಕ್ಕರಿಸಿ ನಗತೊಡಗಿದಳು. ಕಣ್ಣೀರು ಬಂದರೂ ನಗು ನಿಲ್ಲಲಿಲ್ಲ.

“ಬಿಷಪ್ ಆದಂವಾ ನೀವ ರೀ!”

ಬಾಳೇಶರು ಕೈಲಿದ್ದ ನಟ್ಟನ್ನು ನೋಡಿದರು. ಅದನ್ನು ಎಲ್ಲಿಂದ ಬಿಚ್ಚಿದ್ದು ಎಂಬುದೇ ಮರೆತುಹೋಗಿತ್ತು. ಮೋಟರು ಒಂದು ವಾರ ಹಾಗೇ ಬಿದ್ದಿತ್ತು, ಬಿಷಪ್ಪರ ಮನೆಗೆ ಪಕ್ಕದವರು ಕೊಡದಲ್ಲಿ ನೀರು ಕೊಟ್ಟರು.

ಅವರೇನು ಬಿಷಪ್ ಆಗಲೆಂದು ಹೊರಟವರಲ್ಲ. ಅಜ್ಜ ಗುಳೇದಗುಡ್ಡದಿಂದ ಒಂದು ಮಗ್ಗ, ಒಂದು ಬೈಬಲ್ ಕಟ್ಟಿಕೊಂಡು ಬನಹಟ್ಟಿಗೆ ಬಂದಿದ್ದ. ಅಪ್ಪ ಭೀಮಪ್ಪನ ಕಾಲಕ್ಕೆ ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಬಂದು, ಆ ಖಟಖಟದ ನಡುವೆ ಉಪ್ಪು ಕೇಳಬೇಕಾದರೂ ಚೀರಬೇಕಾಗುತ್ತಿತ್ತು. ಬಾಳೇಶ ಹತ್ತನೆಯ ಇಯತ್ತೆ ಮುಗಿಸಿ ಮಗ್ಗ ರಿಪೇರಿ ಕಲಿತ. ಇಪ್ಪತ್ತೆರಡರ ವಯಸ್ಸಿನಲ್ಲಿ ಜಮಖಂಡಿಯ ಮುದಿ ಪಾಸ್ಟರೊಬ್ಬರ ಸ್ಕೂಟರು ಅವನ ಬಾಗಿಲ ಮುಂದೆ ಕೆಟ್ಟು ನಿಂತಿತು. ಅವನು ಕಾರ್ಬೊರೇಟರ್ ತೊಳೆದ, ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಯೇಸು ಕರೆದಾಗ ಬೆಸ್ತರು ಬಲೆ ಬಿಟ್ಟು ಹಿಂದೆ ಹೋದ ಕಥೆ ಹೇಳಿದರು. ಸ್ಕೂಟರು ಸುರುವಾದರೂ ಇಬ್ಬರೂ ಏಳಲಿಲ್ಲ. ಮುಂದಿನ ಜೂನ್‌ನಲ್ಲಿ ಬಾಳೇಶ ಮಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದ. ಕುಚ್ಚಲಕ್ಕಿ, ಮೀನು ಎರಡನ್ನೂ ಹೆದರಿ ಹೆದರಿ ನುಂಗುತ್ತಿದ್ದ.

ಮೊದಲ ನೇಮಕ ಬೀಳಗಿಗೆ. ಭಾನುವಾರ ಹನ್ನೊಂದು ಜನ ಸೇರುತ್ತಿದ್ದರು, ಅದರಲ್ಲಿ ತಾವು, ಮಾಲಾ ಇಬ್ಬರು. ಉಳಿದ ಆರು ದಿನ ಏನು ಮಾಡುವುದು? ಬಾಳೇಶರು ಊರ ಪಂಪ್‌ಸೆಟ್ಟುಗಳ ರಿಪೇರಿಗೆ ಇಳಿದರು. ಸುತ್ತಿನ ಹಳ್ಳಿಯವರಿಗೆ ಅವರು ‘ಮೋಟರ್ ಅಯ್ನೋರು’ ಆದರು. ಅಲ್ಲಿಂದ ಜಮಖಂಡಿ, ಅಲ್ಲಿಂದ ಮುಧೋಳ. ಮೂವತ್ತೊಂದು ವರ್ಷ ಮೂರು ಬಸ್‌ಸ್ಟ್ಯಾಂಡುಗಳ ನಡುವೆಯೇ ಕಳೆದವು. ಬಿಷಪ್ ಸ್ಥಾನಕ್ಕೆ ನಾಲ್ಕು ಹೆಸರು ಆರಿಸುವಾಗ ಯಾರೋ ಇವರದನ್ನೂ ಸೇರಿಸಿದರು. ಹೇಗೂ ಆಗುವುದಿಲ್ಲ ಎಂದು ಇವರೂ ಹೂಂ ಅಂದಿದ್ದರು.

ಅಭಿಷೇಕದ ದಿನ ಆರು ಮಂದಿ ಬಿಷಪ್ಪರು ಸುತ್ತ ನಿಂತು ಒಟ್ಟಿಗೇ ಅವರ ತಲೆಯ ಮೇಲೆ ಕೈಯಿಟ್ಟರು. ಹನ್ನೆರಡು ಕೈಗಳ ಭಾರಕ್ಕೆ ಕುತ್ತಿಗೆ ಎದೆಯೊಳಗೆ ಇಳಿಯಿತು. ಅಳು, ನಗು ಎರಡೂ ಒಂದೇ ಬಾಗಿಲಿಗೆ ನುಗ್ಗಿ ಸಿಕ್ಕಿಹಾಕಿಕೊಂಡವು. ಮುಂದಿನ ಸಾಲಿನ ಮಾಲಾ ಗಂಡನನ್ನು ನೋಡಿದರೆ ನಗು ಬಂದು ಕೆಲಸ ಕೆಟ್ಟಿತೆಂದು ಛಾವಣಿಯ ಫ್ಯಾನನ್ನೇ ದಿಟ್ಟಿಸುತ್ತಿದ್ದಳು.

ಜನವರಿಯಲ್ಲಿ ಅವರು ಬಿಷಪ್ಪರಾಗಿ ಮೊದಲ ಸಲ ಮಾಲಾಳೊಂದಿಗೆ ಬನಹಟ್ಟಿಗೆ ಹೊರಟರು. ಅಂದು ದೃಢೀಕರಣವಿತ್ತು: ಎಳೆತನದಲ್ಲಿ ದೀಕ್ಷಾಸ್ನಾನವಾದವರು ದೊಡ್ಡವರಾದ ಮೇಲೆ ತಮ್ಮ ಬಾಯಿಂದಲೇ ನಂಬಿಕೆ ಹೇಳುವುದು, ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಹರಸುವುದು. ಏಳು ಜನರಿದ್ದಾರೆ ಎಂದು ಅಲ್ಲಿನ ಪಾಸ್ಟರ್ ತಿಳಿಸಿದ್ದರು. ಹೆಸರು ಮಾತ್ರ ಹೇಳಿರಲಿಲ್ಲ.

ಮಹಾಲಿಂಗಪುರ ದಾಟುತ್ತಲೇ ಕಾರು ನಿಂತಿತು. ಮುಂದೆ ಕಬ್ಬಿನ ಟ್ರೇಲರೊಂದು ಮಗುಚಿ ರಸ್ತೆ ತುಂಬ ಕಬ್ಬು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಹತ್ತಕ್ಕೆ ಆರಾಧನೆ. ಬಾಳೇಶರು ಬಿಳಿ ನಿಲುವಂಗಿಯಲ್ಲಿ, ತುದಿ ಬಾಗಿದ ಬಿಷಪ್ಪರ ಕೋಲು ಹಿಡಿದು ಕೆಳಗಿಳಿದರು. ಖಾಲಿ ಟ್ರೇಲರಿನ ಟ್ರ್ಯಾಕ್ಟರೊಂದು ಹೊಲದ ದಾರಿಗೆ ತಿರುಗುತ್ತಿತ್ತು. ಅದರ ಮೇಲಿದ್ದವರು ಹುನ್ನೂರಿನ ರೈತ ಚನಮಲ್ಲಪ್ಪ.

“ಎಲ್ಲಿಗ್ರೀ?”

“ಬನಹಟ್ಟಿಗ್ರಿ. ಹತ್ತಕ್ಕ ಮುಟ್ಟಬೇಕರಿ.”

“ಹತ್ರಿ ಮತ್ತ, ಒಗದ ಬಿಡ್ತೇನಿ.” ಕೋಲಿನ ಮೇಲೆ ಅವರ ಕಣ್ಣು ಬಿತ್ತು. “ಕುರಿ ಎಷ್ಟ ಅದಾವ್ರಿ?”

“ಭಾಳ ಅದಾವ್ರಿ. ಎಲ್ಲಾ ಎರಡ ಕಾಲಿನೂ.”

“ಅವು ಮಾತ ಕೇಳೂದಿಲ್ಲ ತಗೋರಿ!”

ಕಾರನ್ನು ಡ್ರೈವರ್ ಸಿದ್ದಾರೂಢನಿಗೆ ಬಿಟ್ಟು ಗಂಡಹೆಂಡತಿ ಟ್ರೇಲರ್ ಹತ್ತಿದರು. ಹಾರಿ ಹಾರಿ ಬೀಳುವ ಆ ತಗಡಿನ ಮೇಲೆ ಕೂಡಲಿಕ್ಕಾಗದೆ ಇಬ್ಬರೂ ಪಕ್ಕದ ಹಲಗೆ ಹಿಡಿದು ನಿಂತರು. ಕಬ್ಬಿನ ಒಣ ಎಲೆಯ ರವದಿ ಗಾಳಿಗೆ ಎದ್ದು ಮೈಮೇಲೆ ಬರುತ್ತಿತ್ತು, ಮಾಲಾಳ ಸೆರಗು ಬಾವುಟದ ಹಾಗೆ ಹಾರುತ್ತಿತ್ತು. ಬಾಳೇಶರಿಗೆ ಐವತ್ತೆಂಟು ವಯಸ್ಸು ಎಂಬುದು ಮರೆತೇ ಹೋಯಿತು. ಪ್ರತಿ ಗುಂಡಿಗೂ “ಹೋ!” ಎಂದು ಕೂಗಿದರು. ಭಾಷಣದ ಕಾಗದ ಕಾರಿನಲ್ಲೇ ಉಳಿದದ್ದು ಆಗ ನೆನಪಾಗಿ, ಅದಕ್ಕೂ ನಗು ಬಂತು.

ಬನಹಟ್ಟಿಯ ತಮ್ಮ ಹಳೆಯ ಗಲ್ಲಿಗೆ ಬಂದಾಗ ಏನೋ ಬೇರೆ ಅನ್ನಿಸಿತು. ಸದ್ದೇ ಇಲ್ಲ. ಪಕ್ಕದ ಮನೆಯ ನೇಕಾರಗಿತ್ತಿ ಶಂಕ್ರೆವ್ವ ಮನೆಮನೆಗೂ ಹೋಗಿ ಮಗ್ಗ ನಿಲ್ಲಿಸಿದ್ದಳು. ಅವಳು ಗಲ್ಲಿಯ ಕ್ರೈಸ್ತ ದೇವಾಲಯದ ಕಿಟಕಿಗೆ ಆತು ನಿಂತಿದ್ದಳು. “ನಮ್ಮ ಬಾಳ್ಯಾ ಏನ್ ಮಾತಾಡ್ತಾನ, ನಾವೂ ಕೇಳೋಣಂತ!”

ನಿಲುವಂಗಿಯ ರವದಿ ಕೊಡವಿಕೊಂಡು ಬಿಷಪ್ಪರು ಒಳಗೆ ನಡೆದರು. ಮುಂದೆ ಏಳು ಜನ ಮೊಣಕಾಲೂರಿದ್ದರು. ಆರು ಜನ ಹದಿನಾರು ಹದಿನೇಳರವರು. ಏಳನೆಯವನು ಎಂಬತ್ತಮೂರರ ಭೀಮಪ್ಪ, ಅವರ ಅಪ್ಪ!

ಬಾಳೇಶರ ಕಾಲು ಅಲ್ಲೇ ನಿಂತಿತು. ಪಾಸ್ಟರ್ ಮುಗುಳ್ನಕ್ಕು ಪುಸ್ತಕ ತೆರೆದು ಹಿಡಿದರು. ದನಿ ಸರಿಮಾಡಿಕೊಂಡು ಬಿಷಪ್ಪರು ಕೇಳಿದರು: “ಯೇಸುವನ್ನು ನಿಮ್ಮ ಕರ್ತನೆಂದು ಒಪ್ಪಿಕೊಳ್ಳುತ್ತೀರಾ?”

“ಒಪ್ಪಿಕೊಳ್ಳುತ್ತೇವೆ,” ಎಂದವು ಆರು ದನಿಗಳು.

“ಏನಂತಿ?” ಎಂದ, ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡಿದ್ದ ಭೀಮಪ್ಪ. “ಜೋರ ಹೇಳಲೇ ಬಾಳ್ಯಾ, ಕೇಳವಲ್ದು!”

ಬಿಷಪ್ಪರು ಬಗ್ಗಿ ಅಪ್ಪನ ಕಿವಿಯಲ್ಲಿ ಚೀರಿದರು: “ಅಪ್ಪಾ! ಯೇಸೂನ್ನ ಒಪ್ಕೋತಿ ಏನಂತ ಕೇಳಾಕತ್ತೇನಿ!”

“ನೀ ಹುಟ್ಟೂಕಿಂತ ಮೊದಲ ಒಪ್ಕೊಂಡೇನಲೇ!”

ಮೊದಲು ನಕ್ಕದ್ದು ಕಿಟಕಿಯ ಶಂಕ್ರೆವ್ವ. ಆಮೇಲೆ ಮಾಲಾ, ಆಮೇಲೆ ಮೊಣಕಾಲೂರಿದ್ದ ಆರೂ ಜನ, ಆಮೇಲೆ ದೇವಾಲಯಕ್ಕೆ ದೇವಾಲಯವೇ. ಬಾಳೇಶರೂ ತಡೆಯಲಿಲ್ಲ, ನಗುತ್ತಲೇ ಅಪ್ಪನ ಬೋಳು ತಲೆಯ ಮೇಲೆ ಎರಡೂ ಕೈಯಿಟ್ಟರು. ಅದು ಬೆಚ್ಚಗಿತ್ತು. ಪ್ರಾರ್ಥನೆಯ ಮಾತುಗಳನ್ನು ಅಪ್ಪನಿಗೆ ಕೇಳುವಷ್ಟು ಜೋರಾಗಿ ಒಂದೊಂದಾಗಿ ಹೇಳಿದರು.

ಊಟಕ್ಕೆ ಕೂತಾಗ ಅವರು ಅಪ್ಪನನ್ನು ಕೇಳಿದರು: “ಇಷ್ಟ ವರ್ಷ ಯಾಕ ಮಾಡಿಸಿಕೊಳ್ಳಲಿಲ್ಲ?”

“ಬಿಷಪ್ ಬಂದಾಗೆಲ್ಲ ಸಂತಿಗೆ ಮಗ್ಗದ ಅರಿವಿ ಕೊಡೂದ ಇರತಿತ್ತು. ಈಗ ಪುರಸೊತ್ತ ಆತು,” ಎಂದ ಭೀಮಪ್ಪ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. ಚನಮಲ್ಲಪ್ಪ ಪಕ್ಕದಲ್ಲೇ ಉಣ್ಣುತ್ತಿದ್ದರು. ಅವರನ್ನು ಯಾರೂ ಹೋಗಗೊಟ್ಟಿರಲಿಲ್ಲ.

ಮೂರು ಗಂಟೆಗೆ ಸಿದ್ದಾರೂಢ ಕಾರು ತಂದ. ಮರುದಿನ ಬೀಳಗಿಯಲ್ಲೂ ದೃಢೀಕರಣದ ಆರಾಧನೆ ಇತ್ತು. ಬಿಷಪ್ಪರು ಹೊರಗೆ ಬಂದು ನೋಡಿದರೆ ಭೀಮಪ್ಪ ರುಮಾಲು ಸುತ್ತಿಕೊಂಡು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ.

“ಎಲ್ಲಿಗಪ್ಪಾ?”

“ಬೀಳಗಿಗೆ. ನೀ ಹೆಂಗ ಮಾಡ್ತಿ ಪೂರಾ ನೋಡ್ಲಿಲ್ಲ ನಾ, ಕಣ್ಣ ಮುಚ್ಚಿಕೊಂಡಿದ್ದೆ.”