ಅಕ್ಕನ ಕಾಲ ಬಳಿ ಹಾಯಿಸಿದ ಕೊಳವೆ

ಆಗ ನಾನು ಅನಂತಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಹಿಂದೂಪುರದ ಅಕ್ಕನ ಮನೆಗೆ ಬಂದರೆ, ಅಂಗಳದಲ್ಲಿ ಭಾವನ ಕಾರು ಅರ್ಧ ಬಿಚ್ಚಿಕೊಂಡು ನಿಂತಿತ್ತು. ಬೆಂಗಳೂರಿನಿಂದ ತಂದಿದ್ದ, ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ ಹಳೆಯ ಸ್ಪೋರ್ಟ್ಸ್ ಕಾರು. ಸಾಲದ್ದಕ್ಕೆ ಭಾವ ಅದಕ್ಕೆ ಜೀಪಿನ ಇಂಜಿನ್ ಕೂರಿಸಿದ್ದರು. ಮುಂದೆ ಜಾಗ ಸಾಲದೆ ರೇಡಿಯೇಟರ್ ಹಿಂದಿನ ಡಿಕ್ಕಿಗೆ ಹೋಗಿತ್ತು. ಇಂಜಿನ್ನಿನ ಬಿಸಿನೀರು ಅಲ್ಲಿಗೆ ಹೋಗಿ ತಣ್ಣಗಾಗಿ ಮರಳಲು ಎರಡು ಹಿತ್ತಾಳೆ ಕೊಳವೆ. ಕಾರಿನಡಿ ಹಾಕಿದರೆ ಕಲ್ಲು ಬಡಿಯುತ್ತದೆಂದು ಎರಡನ್ನೂ ಒಳಗೇ ಹಾಯಿಸಿದ್ದರು, ಅಕ್ಕ ಕೂರುವ ಕಡೆ. ಕೊಳವೆಗೆ ಅಡ್ಡ ಬಂತೆಂದು ಆ ಬಾಗಿಲಿನ ಒಳಗಿನ ಹಿಡಿಯನ್ನೂ ಕಿತ್ತಿದ್ದರು.

"ನಿಮ್ಮ ಕಡೆ ಯಾಕೆ ಹಾಕಲಿಲ್ಲ ಭಾವ?"

"ನಾನು ಪೆಡಲ್ ತುಳೀಬೇಕಲ್ಲ ಬಾಮೈದ. ನಿಮ್ಮಕ್ಕನ ಕಾಲಿಗೆ ಏನ್ ಕೆಲ್ಸ? ಸುಮ್ನೆ ಕುಂತ್ಕಳೋದು ತಾನೆ."

ಒಳಗೆ ಮಗ್ಗದ ಸದ್ದು ನಿಂತಿತು. "ನಿನ್ನೆ ಮಾರ್ಕಂಡ್ ಬಂದ ಸೀರೆ ಯಾರ ಕಾಲು ತುಳಿದು ನೇಯ್ದದ್ದು ಅಂತ ಕೇಳು ಕಣಪ್ಪ!" ಎಂದು ಅಕ್ಕ ಗುಂಡಿಮಗ್ಗದಿಂದಲೇ ಕೂಗಿದಳು. ಭಾವ ನಕ್ಕರು.

ತವರಿನಿಂದ ಅವಳು ಹಟಮಾಡಿ ತಂದದ್ದು ಆ ಮಗ್ಗ ಒಂದೇ. ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಅವಳ ಮಾತಿಗೆ ಆ ಮನೆಯಲ್ಲಿ ಒಂದು ಬೆಲೆ ಬರುತ್ತಿತ್ತು.

ನಮ್ಮ ಕಡೆಯ ಗಡಸು ನೀರಿಗೆ ಕೊಳವೆಯೊಳಗೆ ಸುಣ್ಣ ಕಟ್ಟಿ ಕಾರು ಬೇಗ ಕಾಯುತ್ತಿತ್ತು. ಹಿಂದೂಪುರದಲ್ಲಿ ಹುಣಸೆಹಣ್ಣಿಗೇನು ಬರ? ಹಂಡೆ ತೊಳೆಯುವ ಹಾಗೆ ಭಾವ ಹುಳಿನೀರು ಕಲಸಿ ರೇಡಿಯೇಟರಿಗೆ ಹುಯ್ದರು. ಅದನ್ನು ಚೆಲ್ಲಲೂ ಇಲ್ಲ. ಹುಳಿ ಕೊಳವೆಯ ಬೆಸುಗೆಯನ್ನು ತಿನ್ನುತ್ತದೆ ಎಂದೆ.

"ನಿನ್ ಕಾಲೇಜು ಅಲ್ಲೇ ಮಡಗು. ನಮ್ಮಮ್ಮ ಹುಣಸೆಹಣ್ಣಲ್ಲೇ ಹಂಡೆ ತೊಳ್ದವ್ಳೆ, ಯಾವ ಹಂಡೆ ತೂತಾತು? ಏಂ ಕಾದುಲೇ, ಏನೂ ಆಗಾಕಿಲ್ಲ."

ಹಂಡೆಯನ್ನು ತೊಳೆದ ಮೇಲೆ ಹುಳಿಯಲ್ಲೇ ಇಟ್ಟು ಕುದಿಸುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ಆ ವಾರವೇ ಕಲ್ಯಾಣದುರ್ಗದಲ್ಲಿ ನೆಂಟರ ಮದುವೆ. ಅದೇ ಕಾರಿನಲ್ಲಿ ಹೊರಟೆವು; ಸೀಟುಗಳ ಹಿಂದಿನ ಸಂದಿಯಲ್ಲಿ ನಾನು ಮುದುರಿ ಕೂತಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಒಂದು ಏರು. ಬಿಸಿ ಸಾರಿನ ಹಾಗೆ ಹುಳಿ ವಾಸನೆ ಎದ್ದಿತು.

"ಏನೂಂದ್ರೆ, ಕಾಲು ಸುಡ್ತೈತೆ. ನಿಲ್ಸಿ."

"ಟವಲ್ ಸುತ್ಕೋ. ಏರು ಹತ್ತಲಿ, ನಿಲ್ಲುಸ್ತೀನಿ."

ಅವಳು ಟವಲ್ ಸುತ್ತಿಕೊಂಡಳು. ಬೆಸುಗೆ ಬಿಟ್ಟಿತು. ಮುಂದೆ ಎಲ್ಲವೂ ಬಿಳಿ ಹಬೆ. ಅದರೊಳಗಿಂದ ಅಕ್ಕನ ಕೂಗು. ಕುದಿನೀರು ಕುಡಿದ ಟವಲ್ ಪಾದಕ್ಕೆ ಅಂಟಿಕೊಂಡಿತ್ತು. ಅವಳ ಕೈ ಬಾಗಿಲನ್ನು ತಡಕುತ್ತಿತ್ತು, ಹಿಡಿ ಇಲ್ಲದ ಬಾಗಿಲನ್ನು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ಹೊರಗಿನ ಹಿಡಿ ಎಳೆದೆ. ಅಷ್ಟರಲ್ಲಿ ಕಾರು ನಿಲ್ಲಿಸಿ ಇಳಿದಿದ್ದ ಭಾವ ಓಡಿದ್ದು ಡಿಕ್ಕಿಯ ಕಡೆಗೆ. "ಇಂಜಿನ್ ಹೋಗ್ಬುಡ್ತೈತೆ, ನೀರು ತತ್ತಾ ನೀರು!" ಎಂದು ಕೂಗುತ್ತಿದ್ದರು. ಇವತ್ತಿಗೂ ಒಲೆಯ ಮೇಲೆ ಹಾಲು ಉಕ್ಕಿ ಚರ್ ಎಂದರೆ ನನ್ನ ಕೈ ಗಾಳಿಯಲ್ಲಿ ಆ ಹಿಡಿಯನ್ನು ಹುಡುಕುತ್ತದೆ.

ಹಿಂದೆ ಬಂದ ಲಾರಿಯವರು ನಮ್ಮನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಬಿಟ್ಟರು. ಮದುವೆಮನೆಯವರು ಬಂದಾಗ ಭಾವ, "ಕೊಳವೆ ಮ್ಯಾಲೆ ಕಾಲಿಟ್ಕಂಡು ಕುಂತಿದ್ಲು, ತುಳಿದು ಮುರ್ದ್ಬುಟ್ಲು" ಎಂದರು. ಎಲ್ಲರೂ ಅಯ್ಯೋ ಎಂದು ತಲೆಯಾಡಿಸಿದರು. ನಾನು ಬಾಯಿ ತೆರೆದೆ. "ಗಂಡ ಹೆಂಡ್ತಿ ವಿಚಾರ, ನಿಂಗ್ಯಾಕ್ಲಾ?" ಎಂದು ನಮ್ಮ ದೊಡ್ಡಪ್ಪನೇ ಗದರಿಸಿದರು.

ಗಾಯ ಮಾದಾಗ ಬಲಗಾಲಿನ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಅಕ್ಕ ಗುಂಡಿಗಿಳಿದು ಮಗ್ಗದ ಕಾಲುಹಲಗೆ ತುಳಿದು ನೋಡಿದಳು. ಕಾಲು ಜಾರಿತು. ಮತ್ತೆ ತುಳಿದಳು. ಮತ್ತೆ ಜಾರಿತು.

ಮುಂದಿನ ರಜೆಗೆ ಹೋದಾಗ ಕೂಲಿ ನೇಕಾರನೊಬ್ಬ ಆ ಗುಂಡಿಯಲ್ಲಿ ಕೂತಿದ್ದ. ಅಕ್ಕ ನೆಲದ ಮೇಲೆ ಕಾಲು ಚಾಚಿ ಅವನಿಗಾಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಭಾವ ಹೊಸ ಸೀರೆಯೊಂದನ್ನು ನನ್ನ ಮುಂದೆ ಬಿಡಿಸಿ ಹಿಡಿದರು.

"ನೋಡ್ದಾ ಬಾಮೈದ? ಮಗ್ಗ ಏನಾದ್ರೂ ನಿಂತೈತಾ?"

ಅಕ್ಕ ತುಂಬಿದ ಕಂಡಿಕೆಯನ್ನು ನೇಕಾರನ ಕಡೆ ಚಾಚಿ, ಇನ್ನೊಂದನ್ನು ಎತ್ತಿಕೊಂಡಳು.