ಗುಳಿಗಿ ಅಲ್ಲ, ರಸ

ಡಾಕ್ಟರ ಚೀಟಿ ಹುಡುಕಲು ಚೀಲಕ್ಕೆ ಕೈ ಹಾಕಿದಾಗ ಅಶ್ವಗಂಧದ ರಸದ ಬಾಟಲಿ ಜಾರಿ, ಔಷಧದಂಗಡಿಯ ಗಾಜಿನ ಮೇಜಿನ ಮೇಲೆ ಉರುಳಿತು. ಅಂಗಡಿಯ ಹೆಣ್ಣುಮಗಳು ಅದನ್ನು ಹಿಡಿದು ನಿಲ್ಲಿಸಿದಳು. ನನ್ನ ಮನಸ್ಸಿನ ಕಳವಳಕ್ಕೆ ಡಾಕ್ಟರು ಬರೆದಿದ್ದ ಗುಳಿಗೆಗಳ ಚೀಟಿಯನ್ನೂ ಓದಿ ಕೇಳಿದಳು:

"ಅಣ್ಣಾ, ಎರಡೂ ತಗೋಳಾಕತ್ತೀರೇನ್ರಿ? ಡಾಕ್ಟರಿಗೆ ಹೇಳೀರೇನು?"

"ಬ್ಯಾರೆ ಗುಳಿಗಿ ನುಂಗ್ತೀಯೇನು ಅಂತ ಕೇಳಿದ್ರು, ಇಲ್ಲ ಅಂದೀನಿ. ಇದು ಗುಳಿಗಿ ಅಲ್ಲವ್ವಾ, ಬೇರಿನ ರಸ ಅದ," ಎಂದೆ ಗತ್ತಿನಿಂದ.

"ಹೊಟ್ಟಿಗಿ ಏನ್ ತಿಳಿತದ್ರಿ ಅಣ್ಣಾ, ಇದು ಗುಳಿಗಿ, ಇದು ರಸ ಅಂತ?"

ನನ್ನ ಗತ್ತು ಅಲ್ಲಿಗೇ ಇಳಿಯಿತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುವವನು ನಾನು. ಗುಳಿಗೆ, ರಸ ಎರಡನ್ನೂ ತಗೊಳ್ಳತೊಡಗಿದ ಎರಡು ವಾರದಿಂದ ಅಲ್ಲಿ ನಿಂತಲ್ಲೇ ತೂಕಡಿಕೆ ಬರುತ್ತಿತ್ತು. ಮನಸ್ಸು ತಣ್ಣಗಾಗುತ್ತಿದೆ ಎಂದು ಖುಷಿಪಟ್ಟಿದ್ದೆ. ಹಿಂದಿನ ದಿನವಷ್ಟೇ ತಿರುಗುವ ಚಕ್ರಕ್ಕೆ ನನ್ನ ಬೆರಳು ಭಾಳ ಹತ್ತಿರ ಹೋಗಿ ಬಂದಿತ್ತು.

ಆಕೆ ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿ ಕೊಟ್ಟಳು. ಎರಡೂ ಕೂಡಿದರೆ ತೂಕಡಿಕೆ ಹೆಚ್ಚಬಹುದು, ರಸ ನಿಲ್ಲಿಸು, ಗುಳಿಗೆಗಳನ್ನು ಮಾತ್ರ ನೀನಾಗಿಯೇ ಬಿಡಬೇಡ, ನಾನು ನೋಡುವತನಕ ಯಂತ್ರ ಮುಟ್ಟಬೇಡ ಎಂದರು ಅವರು. ಕೆಲವೇ ದಿನಗಳಲ್ಲಿ ತೂಕಡಿಕೆ ಹೋಯಿತು. ಕಳವಳವೂ ನಿಧಾನವಾಗಿ ಹಿಡಿತಕ್ಕೆ ಬಂತು.

ಬೇರಿನ ಮೇಲೆ ನನಗೆ ಸಿಟ್ಟಿಲ್ಲ, ನಾನಂದ ಆ 'ಇಲ್ಲ'ದ ಮೇಲಿದೆ. ಈಗ ಡಾಕ್ಟರು ಏನೇನು ತಗೋತೀ ಎಂದು ಕೇಳಿದರೆ ಬಾಯಿ ತೆರೆಯುವುದಿಲ್ಲ. ಚೀಲವನ್ನೇ ಅವರ ಮೇಜಿನ ಮೇಲೆ ಸುರಿಯುತ್ತೇನೆ.