ಹುಬ್ಬಳ್ಳಿಗೆ ಹೋಗಿ ಬಂದ ಹಸಿರು ಸೀರೆ

ಅಣ್ಣಿಗೇರಿಯ ನಮ್ಮ ಸೀರೆ ಅಂಗಡಿಗೂ ಎದುರುಮನೆಗೂ ನಡುವೆ ಹನ್ನೆರಡು ಹೆಜ್ಜೆ. ನಾನೇ ಅಳೆದಿದ್ದೇನೆ, ಸಿಟ್ಟಿನಲ್ಲಿ. ಅಷ್ಟು ದಾರಿ ದಾಟಲು ಒಂದು ಸೀರೆಗೆ ಐದು ದಿನ ಹಿಡಿಯಿತು. ತಪ್ಪು ಪೂರ್ತಿ ನನ್ನದು. ಇಲ್ಲ, ಅರ್ಧ ಅವ್ವನದು.

ಅಂಗಡಿಯ ಜೊತೆಗೆ ಮೊಬೈಲಿನಲ್ಲೂ ಮಾರಬೇಕೆಂದು ಹಠ ಹಿಡಿದು, ಒಂದು ಆನ್‌ಲೈನ್ ಕಂಪನಿಯಲ್ಲಿ ಸೀರೆಗಳ ಫೋಟೊ ಹಾಕಿದ್ದೆ. ಇಪ್ಪತ್ತು ದಿನ ಒಂದು ನೊಣವೂ ಬರಲಿಲ್ಲ. ಅವ್ವ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುವಾಗ ಮೊಬೈಲಿಗೂ ಬೆಳಗುತ್ತಿದ್ದಳು. ಇಪ್ಪತ್ತೊಂದನೆಯ ದಿನ, ಭಾನುವಾರ, ಅದು ಟಿಂಗ್ ಎಂದಿತು. ಹಸಿರು ಇಳಕಲ್ ಸೀರೆ, ಒಂದು. ಎದೆಯುಬ್ಬಿಸಿ ವಿಳಾಸ ಓದಿದೆ. ಎದುರುಮನೆ.

ಅಲ್ಲಿ ಮಗಳು ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರಿಂದ, ಶುಕ್ರವಾರದ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮಲಗಿದಲ್ಲೇ ಸೀರೆ ಆರಿಸಿ ಗುಂಡಿ ಒತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ತಾಯಿ ಅಂಗಡಿಗೇ ಬಂದರು.

"ಕೊಡೋ ತಮ್ಮಾ, ಒಯ್ತೀನಿ."

"ಹಂಗ ಕೊಡಾಕ ಬರಂಗಿಲ್ರಿ ಅಕ್ಕಾರ. ಕೊರಿಯರ್‌ಗೆ ಕೊಡಬೇಕು. ಇಲ್ಲಾಂದ್ರ ಆರ್ಡರ್ ರದ್ದಾಗ್ತೈತಿ. ಮೊದಲನೇದು ಐತ್ರಿ, ಬೋಣಿಗಿ ಕೆಡಿಸಬ್ಯಾಡ್ರಿ."

ಬೋಣಿಗಿ ಎಂದ ಮೇಲೆ ನಮ್ಮಲ್ಲಿ ಯಾರೂ ಮುಂದೆ ಮಾತಾಡುವುದಿಲ್ಲ. ಅವರು ಹೊಳ್ಳಿ ಮನೆಗೆ ಹೋದರು. ಕೊರಿಯರ್ ಗಾಡಿ ಸೀರೆಯನ್ನು ಹೊತ್ತು, ಅವರ ಬಾಗಿಲ ಮುಂದೆಯೇ ಹಾದು, ಹುಬ್ಬಳ್ಳಿಗೆ ಹೋಯಿತು.

ಮರುದಿನದಿಂದ ಎದುರುಮನೆಯ ಅಕ್ಕ ನಮ್ಮ ಅಂಗಡಿಯಲ್ಲೇ ಬಂದು ಕೂತರು. "ಸೀರಿ ಎಲ್ಲಿಗೆ ಬಂತು?" ನಾನು ಮೊಬೈಲ್ ನೋಡಿ, "ಹುಬ್ಬಳ್ಯಾಗ ಐತ್ರಿ" ಎನ್ನುತ್ತಿದ್ದೆ. ಅವ್ವ ಚಹಾ ಕೊಡುತ್ತಿದ್ದಳು. ಬುಧವಾರವೂ ಹುಬ್ಬಳ್ಳಿ. ತಲೆ ಕೆಟ್ಟು ಕೊರಿಯರ್ ಆಫೀಸಿಗೆ ಫೋನ್ ಹಚ್ಚಿದೆ.

"ತೂಕ ತಾಳೆ ಆಗವಲ್ದುರಿ," ಎಂದ ಅಲ್ಲಿಯವ. "ಏಳುನೂರು ಗ್ರಾಂ ಬರದೀರಿ, ಎರಡು ಕಿಲೋ ಐತಿ. ಒಳಗಿಂದ ಅಕ್ಕಿ ಸೋರಾಕತ್ತಾವು. ನಿಮ್ದು ಸೀರಿ ಅಂಗಡಿನೋ, ಕಿರಾಣಿ ಅಂಗಡಿನೋ?"

ಅವ್ವನ ಕಡೆ ತಿರುಗಿದೆ. ಭಾನುವಾರ ನಾನು ಚಹಾಕ್ಕೆ ಹೋದಾಗ ಆಕೆ ಪಾರ್ಸೆಲ್ ಬಿಚ್ಚಿ, ಮಡಿಲು ತುಂಬುವ ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ, ರವಿಕೆಯ ಖಣ ಎಲ್ಲ ತುಂಬಿ ಮತ್ತೆ ಅಂಟಿಸಿದ್ದಳು.

"ಕುಬಸದ ಸೀರಿ ಉಡಿ ಇಲ್ದ ನಮ್ಮ ಅಂಗಡಿ ಹೊಸ್ತಲಾ ಎಂದಾರ ದಾಟೈತೇನೋ?" ಎಂದು ನನಗೇ ಬೈದಳು.

ನಾನೇ ಬಂದು ಒಯ್ಯುತ್ತೇನೆ ಎಂದರೆ ಕೊರಿಯರಿನವನು ಒಪ್ಪಲಿಲ್ಲ. ಕಳಿಸಿದವರೂ ಬರಬಾರದಂತೆ, ತಗೊಳ್ಳುವವರೂ ಬರಬಾರದಂತೆ. ಗಾಡಿಯಲ್ಲೇ ವಾಪಸ್ ಹಾಕುತ್ತೇವೆ ಎಂದು ಫೋನ್ ಇಟ್ಟ. ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಶುಕ್ರವಾರ ಬೆಳಿಗ್ಗೆ ಎದುರುಮನೆಯಲ್ಲಿ ಮುತ್ತೈದೆಯರು ನೆರೆದಿದ್ದರು. ಗಾಡಿ ನಮ್ಮ ಅಂಗಡಿ ಮುಂದೆ ಬಂದು ನಿಂತಿತು. ಪಾರ್ಸೆಲ್ ಮೇಲೆ ಕೆಂಪಕ್ಷರದಲ್ಲಿ 'ವಾಪಸ್' ಎಂದಿತ್ತು. ಓಡಿ ಬಂದ ಅಕ್ಕ ಅದನ್ನು ಓದಿ ಅಲ್ಲೇ ನಿಂತುಬಿಟ್ಟರು. ಮುಖ ಸಣ್ಣದಾಯಿತು.

"ನನ್ನ ಮಗಳ ಉಡಿ ಹೊಳ್ಳಿ ಬಂತಲ್ಲವಾ," ಎಂದರು ಅವ್ವನಿಗೆ.

ನನಗೆ ನನ್ನ ಬೋಣಿಗಿಯ ಮೇಲೆ ಹೇಸಿಗೆ ಬಂತು. ಎರಡು ಕೂಸು ಕಳಕೊಂಡ ಮನೆಗೆ ಏನು ಹೇಳಲಿ? ಅಕ್ಕ ಅಂಗಡಿಗೆ ಬಂದು ಕೇಳಿದಾಗಲೇ ಆ ಸೀರೆ ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಅವ್ವ ಮಾತ್ರ ಗಾಬರಿಯಾಗಲಿಲ್ಲ. ಪಾರ್ಸೆಲ್ಲಿಗೆ ಕುಂಕುಮ ಹಚ್ಚಿ ಅಕ್ಕನ ಸೆರಗಿಗೆ ಹಾಕಿದಳು.

"ಹೊಳ್ಳಿ ಯಾಕ ಬರ್ತೈತವಾ? ಬಸುರಿ ಸೀರಿ ಅದು. ತವರಮನಿಗೆ ಹೋಗಿ, ನಾಕ್ ದಿನ ಇದ್ದು, ಉಡಿ ತುಂಬಿಸ್ಕೊಂಡು ಬಂದೈತಿ."

ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ. ಪಾರ್ಸೆಲ್ಲನ್ನು ಎದೆಗೆ ಅವಚಿಕೊಂಡು ಹನ್ನೆರಡು ಹೆಜ್ಜೆ ದಾಟಿದರು, ದಾರಿಯುದ್ದಕ್ಕೂ ಅಕ್ಕಿ ಸೋರುತ್ತಿತ್ತು.

ಮೊಬೈಲ್ ಟಿಂಗ್ ಎಂದಿತು. ಗ್ರಾಹಕರಿಗೆ ವಸ್ತು ತಲುಪಿಲ್ಲ ಎಂದು ಬರೆದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಎದುರುಮನೆಯಲ್ಲಿ ಸೋಬಾನೆ ಪದ ಶುರುವಾಗಿತ್ತು.